ಲಿಂಕ್ ಹಿಡಿದು ಹೊಸನಗರದವರೆಗೆ

ಎಪ್ಪತ್ತೆರಡನೇ ವಯಸ್ಸಿನಲ್ಲಿ ನಾನೊಂದು ಕಂಪ್ಯೂಟರ್ ಪ್ರೋಗ್ರಾಂ ಬರೆದೆ ಎಂದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಅದು ಆರೇ ಸಾಲಿನದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆರರಲ್ಲಿ ನಾಲ್ಕು ಸಾಲು ಪಕ್ಕದ ಮನೆಯ ಸೊಸೆ ಸುಮನಾಳವು. ಆಕೆ ಸಾಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನಾನೋ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು; ಕಾಮಾ ಎಲ್ಲಿ ಬಿಟ್ಟುಹೋಗಿದೆ ಎಂದು ಹುಡುಕಿಕೊಟ್ಟಿದ್ದೇ ನನ್ನ ಮುಖ್ಯ ಕೊಡುಗೆ.

ಪ್ರೋಗ್ರಾಂ ಮಾಡುವ ಕೆಲಸ ಸಣ್ಣದು. ವಾಟ್ಸಾಪಿನಲ್ಲಿ ಬರುತ್ತವಲ್ಲ, ತಲೆಬುಡ ಇಲ್ಲದ ನಾಲ್ಕಕ್ಷರದ ಶಾರ್ಟ್ ಲಿಂಕುಗಳು, ಅವನ್ನು ಒತ್ತಿದರೆ ಅವು ಇನ್ನೆಲ್ಲಿಗೋ ಕಳಿಸುತ್ತವೆ. ಅಲ್ಲಿಂದ ಮತ್ತೆಲ್ಲಿಗೋ. ಇದಕ್ಕೆ ರಿಡೈರೆಕ್ಟ್ ಎನ್ನುತ್ತಾರೆ. ನನ್ನ ಪ್ರೋಗ್ರಾಂ ನಮ್ಮ ಬದಲು ತಾನು ಹೋಗಿ, ಎಲ್ಲ ತಿರುವು ಸುತ್ತಿ, ಕೊನೆಗೆ ಮುಟ್ಟುವ ವಿಳಾಸ ಇಂಥದ್ದು ಎಂದು ಬಂದು ಹೇಳುತ್ತದೆ. ನಾವು ಮನೆಯಲ್ಲೇ ಕೂತು, ಹೊಳೆ ದಾಟಬಹುದೋ ಇಲ್ಲವೋ ನೋಡಿಕೊಂಡು ಬಾ ಎಂದು ಇನ್ನೊಬ್ಬರನ್ನು ಕಳಿಸಿದ ಹಾಗೆ.

ಈ ರಿಡೈರೆಕ್ಟುಗಳಲ್ಲೂ ಜಾತಿಗಳಿವೆ ಎಂದು ತಿಳಿದಾಗ ನನಗೆ ಬಹಳ ಸಂತೋಷವಾಯಿತು. 301 ಅಂದರೆ ಕಾಯಂ ಆಗಿ ಮನೆ ಬದಲಿಸಿದ್ದಾರೆ, ಇನ್ನು ಹಳೆಯ ವಿಳಾಸಕ್ಕೆ ಬರಬೇಡಿ. 302 ಅಂದರೆ ಸದ್ಯಕ್ಕೆ ಅಲ್ಲಿದ್ದಾರೆ, ಮುಂದಿನ ಸಲ ಇಲ್ಲಿಯೇ ಕೇಳಿ. ತೀರ್ಥಹಳ್ಳಿಯಿಂದ ಮದುವೆಯಾಗಿ ಸಾಗರಕ್ಕೆ ಬಂದ ನಾನು 301. ಬಾಣಂತನಕ್ಕೆ ತವರಿಗೆ ಹೋದಾಗ 302. ಆ ಐದು ತಿಂಗಳು ಅಮ್ಮನ ಕೈಯಡುಗೆ ಉಣ್ಣುತ್ತಾ, ಇದೇ 301 ಆಗಿಬಿಟ್ಟರೆ ಎಷ್ಟು ಚೆನ್ನ ಎಂದು ಅಂದುಕೊಂಡದ್ದು ಯಜಮಾನರಿಗೆ ಇವತ್ತಿಗೂ ಗೊತ್ತಿಲ್ಲ. ಮೂರನೆಯ ಜಾತಿ ಸುತ್ತುವುದು: ಇವರು ಅವರನ್ನು ಕೇಳಿ ಎನ್ನುತ್ತಾರೆ, ಅವರು ಇವರನ್ನೇ ಕೇಳಿ ಎನ್ನುತ್ತಾರೆ. ಪ್ರೋಗ್ರಾಂ ಮೂವತ್ತು ಸಲ ಸುತ್ತಿ, ಸಾಕಪ್ಪ ಎಂದು ಕೈಬಿಡುತ್ತದೆ. ಸರ್ಕಾರಿ ಕಚೇರಿಗೆ ಹೋದ ಮನುಷ್ಯರು ಹಾಗಲ್ಲ, ಸೋಮವಾರ ಮತ್ತೆ ಹೋಗುತ್ತಾರೆ.

ಈ ವಿದ್ಯೆ ತಲೆಗೇರಿದ್ದು ನಮ್ಮ ಕಾನ್ವೆಂಟ್ ಹಾಸ್ಟೆಲಿನ ಗುಂಪಿನಲ್ಲಿ. ಒಂಬತ್ತು ಜನ ಹಳೆಯ ಹುಡುಗಿಯರು, ಒಬ್ಬೊಬ್ಬರ ಮೊಣಕಾಲಿಗೂ ಒಂದೊಂದು ಕಥೆ. ಯಾವ ಲಿಂಕ್ ಬಂದರೂ ‘ಇದನ್ನ ಒತ್ತಬಹುದೇನೇ?’ ಎಂದು ನನ್ನನ್ನು ಕೇಳತೊಡಗಿದರು. ನಾನು ಪರೀಕ್ಷೆ ಮಾಡಿ ಪಾಸು, ಫೇಲು ಹೇಳುತ್ತಿದ್ದೆ. ಹಿಂದೆ ಹಾಸ್ಟೆಲಿನಲ್ಲಿ ವಾರ್ಡನ್ ಸಿಸ್ಟರ್ ನಮ್ಮ ಕಾಗದಗಳನ್ನು ತಾವೇ ಒಡೆದು, ಓದಿ, ಆಮೇಲೆ ನಮಗೆ ಕೊಡುತ್ತಿದ್ದರು. ಅವರನ್ನು ನಾವು ಎಷ್ಟು ಬೈದುಕೊಂಡಿದ್ದೆವು. ಈಗ ಅದೇ ಕುರ್ಚಿಯಲ್ಲಿ ನಾನು ಕೂತಿದ್ದೆ, ಮತ್ತು ಹೇಳಲು ನಾಚಿಕೆ, ಕುರ್ಚಿ ಬಹಳ ಕಂಫರ್ಟೆಬಲ್ ಆಗಿತ್ತು.

ಹೀಗಿರುವಾಗ ಹೊಸನಗರದ ವಿಮಲೆಯಿಂದ ಒಂದು ಲಿಂಕ್ ಬಂತು. ಹಾಸ್ಟೆಲಿನಲ್ಲಿ ಏಳು ವರ್ಷ ನನ್ನ ಪಕ್ಕದ ಮಂಚದವಳು. ಲಿಂಕಿನ ಜೊತೆ ಒಂದು ಅಕ್ಷರವೂ ಇಲ್ಲ, ಗುಡ್ ಮಾರ್ನಿಂಗ್ ಸಹ ಇಲ್ಲ. ನನಗೆ ಸಂಶಯ ಬಂತು. ಪ್ರೋಗ್ರಾಂ ಓಡಿಸಿದೆ. ಅದು ಎರಡು ತಿರುವು ಸುತ್ತಿ ಬಂದು, ಕೊನೆಯ ವಿಳಾಸ ಒಂದು ಲಾಗಿನ್ ಪುಟ, ಅಲ್ಲಿ ಪಾಸ್‌ವರ್ಡ್ ಕೇಳುತ್ತಿದ್ದಾರೆ ಎಂದಿತು. ಕೂಡಲೇ ಗುಂಪಿನಲ್ಲಿ ಬರೆದೆ: ‘ವಿಮಲೆಯ ಲಿಂಕ್ ಮೋಸದ್ದು. ಯಾರೂ ಮುಟ್ಟಬೇಡಿ. ಪಾಪ, ಅವಳ ಫೋನನ್ನು ಯಾರೋ ಹ್ಯಾಕ್ ಮಾಡಿದ್ದಾರೆ.’

ಮೂರನೆಯ ದಿನ ವಿಮಲೆ ಗುಂಪು ಬಿಟ್ಟಳು.

ಅಂದೇ ಸಂಜೆ ತೀರ್ಥಹಳ್ಳಿಯ ಲಲಿತಾ ಫೋನ್ ಮಾಡಿದಳು. ಬೇಡ ಎಂದದ್ದನ್ನು ಮಾಡುವುದು ಅವಳ ಹುಟ್ಟುಗುಣ. “ನೀನು ಮುಟ್ಬೇಡಿ ಅಂದ್ಮೇಲೆ ಒತ್ತಲೇಬೇಕು ಅನ್ನಿಸ್ತು ಮಾರಾಯ್ತಿ. ನಮ್ಮ ಹಾಸ್ಟೆಲ್ ಫೋಟೋಗಳು ಕಣೆ. ಮೂರು ತಿಂಗಳು ಕೂತು ಒಂದೊಂದೇ ಸ್ಕ್ಯಾನ್ ಮಾಡಿದಾಳಂತೆ. ನೀನು ಎರಡು ಜಡೆ ಹಾಕ್ಕೊಂಡು ಅಳ್ತಾ ನಿಂತಿದೀಯ.”

ನಾನು ಸುಮನಾಳ ಬಳಿ ಓಡಿದೆ. ಅವಳು ನೋಡಿ ನಕ್ಕಳು. “ಆಂಟಿ, ಅವರು ನಿಮ್ಮ ಗುಂಪಿನವರಿಗೆ ಮಾತ್ರ ಪರ್ಮಿಶನ್ ಕೊಟ್ಟಿದಾರೆ. ನಿಮ್ಮ ಪ್ರೋಗ್ರಾಂ ಹೆಸರು ಹೇಳದೆ ಹೋಗಿದೆ. ಯಾರೋ ಏನೋ ಅಂತ ಹೊರಗೇ ನಿಲ್ಲಿಸಿ ಲಾಗಿನ್ ಕೇಳಿದಾರೆ. ನೀವೇ ನಿಮ್ಮ ಫೋನಲ್ಲಿ ಒತ್ತಿದ್ರೆ ಸೀದಾ ಆಲ್ಬಂ ಬರ್ತಿತ್ತು.”

ಅಂದರೆ ಪ್ರೋಗ್ರಾಂ ಸುಳ್ಳು ಹೇಳಿರಲಿಲ್ಲ. ಅಪರಿಚಿತನಿಗೆ ಸಿಗುವ ಕೊನೆಯ ವಿಳಾಸ ಆ ಲಾಗಿನ್ ಪುಟ ಅಷ್ಟೇ. ಅಲ್ಲಿಂದ ಮುಂದಿನ ದಾರಿ ಪರಿಚಯದವರಿಗೆ ಮಾತ್ರ ತೆರೆಯುತ್ತದೆ. ಅಪರಿಚಿತನನ್ನು ಕಳಿಸಿದವಳು ನಾನು.

ವಿಮಲೆ ಫೋನ್ ಎತ್ತಲಿಲ್ಲ. ಅರವತ್ತು ವರ್ಷದ ಸ್ನೇಹವನ್ನು ಆರು ಸಾಲಿನಲ್ಲಿ ಮುಗಿಸಿದೆನೇನೋ ಎನ್ನಿಸಿ, ಮರುದಿನ ಬೆಳಗಿನ ಬಸ್ಸಿಗೆ ಹೊಸನಗರಕ್ಕೆ ಹೋದೆ.

ಅವಳು ಗ್ರಿಲ್ ಬಾಗಿಲು ತೆಗೆದು, ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ನೀರು ಬೆಲ್ಲ ತಂದಿಟ್ಟಳು. ಜನಗಣತಿಗೆ ಬಂದವರಿಗೂ ಆ ಮನೆಯಲ್ಲಿ ಅಷ್ಟು ಮರ್ಯಾದೆ ಇದೆ.

“ಯಾರು ಬೇಕಿತ್ತು?” ಎಂದಳು.

“ವಿಮಲೆ, ತಪ್ಪಾಯ್ತು ಕಣೆ. ಆ ಪ್ರೋಗ್ರಾಂ...”

“ಪ್ರೋಗ್ರಾಂ ಅಂತೆ. ಲಿಂಕೋ ಕಾಗದವೋ, ನನ್ನ ಕೈಯಿಂದ ಬಂದಿತ್ತು. ನನ್ನ ಕೇಳೋದು ಬಿಟ್ಟು ಯಂತ್ರದ ಹತ್ರ ಕೇಳಿದೆಯಲ್ಲೆ. ಏಳು ವರ್ಷ ನನ್ನ ಹೊದಿಕೆ ಎಳ್ಕೊಂಡು ಮಲಗಿದವಳು ನೀನು.”

ಅವಳು ಎದ್ದು ಒಳಗೆ ಹೋದಳು. ಬಾ ಎನ್ನಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ನಾನು ಬೆಲ್ಲದ ಚೂರನ್ನು ಬಾಯಲ್ಲಿಟ್ಟುಕೊಂಡು ಕೂತೆ. ನೆಂಟರನ್ನು ಒಳಗೆ ಕರೆಯುತ್ತಾರೆ. ಗೆಳತಿಯನ್ನು ಯಾರೂ ಕರೆಯುವುದಿಲ್ಲ, ಅವಳೇ ಹೋಗುತ್ತಾಳೆ. ಆದರೆ ನಾನು ಈಗ ಯಾರು? ಕರೆಯಲಿ ಎಂದು ಕಾದರೆ ನಾನೇ ನೆಂಟಳಾದಂತೆ. ಕರೆಯದೆ ಹೋಗಲು ಕಾಲು ಏಳುತ್ತಿರಲಿಲ್ಲ, ಮೊಣಕಾಲಿನ ದೆಸೆಯಿಂದಲ್ಲ.

ಒಳಗಿನಿಂದ ಕಡುಬು ಬೇಯುವ ವಾಸನೆ ಬಂತು. ಆಮೇಲೆ ಅವಳ ದನಿ. “ಅಲ್ಲೇ ಕೂತಿರ್ತೀಯಾ? ಚಟ್ನಿಗೆ ಕಾಯಿ ತುರಿಯೋರ್ಯಾರು?”

ಎದ್ದು ಹೋಗಿ ಮಣೆ ಎಳೆದುಕೊಂಡು ಕೂತೆ. ಅವಳು ಫೋನನ್ನು ನನ್ನೆದುರು ಹಿಡಿದು ಒಂದೊಂದೇ ಫೋಟೋ ತೋರಿಸಿದಳು. ಎರಡು ಜಡೆಯ ನಾನು ಅಳುತ್ತಿದ್ದೆ. ಪಕ್ಕದಲ್ಲಿ ವಿಮಲೆ ನನ್ನ ಜಡೆ ಹಿಡಿದುಕೊಂಡು ನಗುತ್ತಿದ್ದಳು. ಕೈ ಒರೆಸಿಕೊಂಡು ಅವಳನ್ನು ಮತ್ತೆ ಗುಂಪಿಗೆ ಸೇರಿಸಿದೆ. ಕೆಳಗೆ ಬರೆದೆ: ‘ವಿಮಲೆಯ ಲಿಂಕ್ ಸರಿಯಾಗಿದೆ. ಈ ಸಲ ನಾನೇ ಖುದ್ದಾಗಿ ಹೋಗಿ ನೋಡಿ ಬಂದಿದ್ದೇನೆ.’

ಒಲೆಯ ಹತ್ತಿರ ನಿಂತೇ ಅವಳು ಅದಕ್ಕೊಂದು ತಿದ್ದುಪಡಿ ಹಾಕಿದಳು: ‘ಬಂದಿಲ್ಲ, ಇಲ್ಲೇ ಇದಾಳೆ. ಕಾಯಿ ಇನ್ನೂ ಅರ್ಧ ಉಳಿದಿದೆ.’