ಎರಡು ಹೆಸರಿನ ಹಾಡು

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎನ್ನುವವರನ್ನು ಕಂಡರೆ ಈಗ ನನಗೆ ಮೈ ಉರಿಯುತ್ತದೆ. ಹೇಳುತ್ತದೆ. ಅದೂ ಏನೂ ಆಗಿಲ್ಲವೆಂಬಂತೆ, ನಮ್ಮ ಮುಖಕ್ಕೇ.

ನಾನು ಆಳಂದದ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹೆಣ್ಣುಮಕ್ಕಳ ಬೀಸುವ ಪದ, ಸೋಬಾನ ಪದಗಳನ್ನು ರೆಕಾರ್ಡ್ ಮಾಡಿ ಕಾಪಾಡುವುದು ನಮ್ಮ ಕೆಲಸ. ಒಂದೊಂದು ಹಾಡಿಗೂ ನಾನು ಎರಡು ಹೆಸರು ಕೊಟ್ಟಿದ್ದೆ: ಊರಿನ ಫೋಲ್ಡರಿನಲ್ಲಿ ಒಂದು, ಹಾಡಿದವರ ಫೋಲ್ಡರಿನಲ್ಲಿ ಇನ್ನೊಂದು. ಹೆಸರು ಎರಡಾದರೂ ಒಳಗಿನ ಫೈಲು ಒಂದೇ. ಇದಕ್ಕೆ ಹಾರ್ಡ್ ಲಿಂಕ್ ಎನ್ನುತ್ತಾರೆ. ಒಂದು ಹೆಸರಿನಿಂದ ತೆರೆದು ತಿದ್ದಿದರೆ ಇನ್ನೊಂದರಲ್ಲೂ ತಿದ್ದಿರುತ್ತದೆ, ಯಾಕೆಂದರೆ ಅಲ್ಲಿ ಎರಡನೆಯ ಫೈಲು ಎಂಬುದೇ ಇಲ್ಲ.

ಯಡ್ರಾಮಿಯಲ್ಲಿರುವ ನನ್ನ ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಇದನ್ನು ನಮ್ಮ ಮುಖ್ಯಸ್ಥರಿಗಿಂತ ಬೇಗ ತಿಳಿದುಕೊಂಡಳು. ಮದುವೆಯಲ್ಲಿ ಅವಳ ಹೆಸರು ಬದಲಿಸಿದ್ದರು. "ತವರಿನಾಗ ಒಂದು, ಗಂಡನ ಮನಿಯಾಗ ಒಂದು. ಯಾವ ಹೆಸರಿಲೆ ಕರದ್ರೂ ಏಳಾಕಿ ನಾನ ಅಲ್ಲೇನು?" ಎಂದು ನಕ್ಕಿದ್ದಳು.

ನಮ್ಮಲ್ಲಿದ್ದ ಹಾಡುಗಳಲ್ಲೇ ಅವಳದು ಚೆಂದ. ಆದರೆ ರೆಕಾರ್ಡ್ ಮಾಡಿದ ದಿನ ಅವಳು ಯಾವುದೋ ಸಿಟ್ಟಿನಲ್ಲಿದ್ದಳು. ಹಾಡು ಶುರು ಮಾಡುವ ಮೊದಲು, "ನನ್ನ ಸೊಸಿ ಉಣ್ಣಾಕ ಸೈತ ಕರಿಯಂಗಿಲ್ಲ. ನಾನ ಹೋಗಿ ತಾಟು ಹಿಡಕೊಂಡು ಕುಂದರಬೇಕು" ಅಂದುಬಿಟ್ಟಿದ್ದಳು. ಸಿಟ್ಟು ಇಳಿದ ಮೇಲೆ ಫೋನ್ ಮಾಡಿದಳು. "ಯವ್ವಾ, ಆ ಮಾತು ತಗದು ಹಾಕ ಬೇ. ಹಾಡು ಅಷ್ಟ ಇರ್ಲಿ. ಆಕಿ ಕೂಡ ಬಾಳೇವು ಮಾಡಾಕಿ ನಾನು." ತೆಗೆಯುತ್ತೇನೆಂದು ಮಾತು ಕೊಟ್ಟೆ.

ಅಷ್ಟರಲ್ಲಿ ಮುಖ್ಯಸ್ಥರಿಗೆ ಹೊಸ ಹುಕಿ ಬಂತು. ಹಳೆಯ ಹಾಡುಗಳನ್ನು ಯಾರೂ ಕೆಡಿಸಬಾರದೆಂದು ಪದರಗಳ ವ್ಯವಸ್ಥೆಯೊಂದನ್ನು ಹಾಕಿಸಿದರು. ಕೆಳಗಿನ ಪದರದಲ್ಲಿ ಹಳೆಯ ಫೈಲುಗಳು, ಅವನ್ನು ಮುಟ್ಟುವಂತಿಲ್ಲ. ನಾವು ಮಾಡುವ ಬದಲಾವಣೆಯೆಲ್ಲ ಮೇಲಿನ ಪದರಕ್ಕೆ. ನೋಡುವವರಿಗೆ ಎರಡೂ ಸೇರಿ ಒಂದೇ ಕಾಣುತ್ತದೆ. ಕಲಬುರಗಿಯಿಂದ ಬಂದ ತಂತ್ರಜ್ಞರು, "ನಿಮಗೇನೂ ಫರಕ್ ಆಗಂಗಿಲ್ರಿ ಮೇಡಂ, ಮೊದಲಿನಂಗ ಕೆಲಸ ಮಾಡ್ರಿ" ಎಂದು ಚಹಾ ಕುಡಿದು ಹೋದರು.

ಯಡ್ರಾಮಿ ತಾಲೂಕಾಗಿ ಎಷ್ಟೋ ಕಾಲವಾಗಿದ್ದರೂ ನಮ್ಮ ಕಂಪ್ಯೂಟರಿನಲ್ಲಿ ಅದಿನ್ನೂ ಜೇವರ್ಗಿಯೊಳಗೇ ಬಿದ್ದಿತ್ತು. ಬದಲಿಸಿ ಎಂದು ಮುಖ್ಯಸ್ಥರು ಹೇಳಿದರು. ಒಂದೊಂದೇ ಹಾಡಿನ ಹೆಸರು ಬದಲಿಸಿ ಹೊಸ ಯಡ್ರಾಮಿ ಫೋಲ್ಡರಿಗೆ ಸರಿಸಿದೆ. ಚಿಗವ್ವನ ಹಾಡು ಬಂದಾಗ ಅಲ್ಲೇ ತೆರೆದು, ಸೊಸೆಯ ಮಾತನ್ನು ಕತ್ತರಿಸಿ, ಅದೇ ಫೈಲಿನ ಮೇಲೆ ಉಳಿಸಿದೆ. ಮತ್ತೆ ಕೇಳಿದೆ. ಬರೀ ಹಾಡು. ಇನ್ನೊಂದು ಹೆಸರಿನಿಂದ ಯಾಕೆ ಕೇಳಲಿ, ಫೈಲು ಒಂದೇ ಅಲ್ಲವೇ? ಚಿಗವ್ವನಿಗೆ ಫೋನ್ ಮಾಡಿ, ತೆಗೆದಿದ್ದೇನೆ ಎಂದೆ.

ಒಳಗೆ ನಡೆದದ್ದೇ ಬೇರೆ. ಕೆಳಗಿನ ಪದರವನ್ನು ಮುಟ್ಟುವಂತಿಲ್ಲವಲ್ಲ. ಹೆಸರು ಬದಲಿಸಲು ಹೋದ ಕೂಡಲೇ ಆ ವ್ಯವಸ್ಥೆ ಸದ್ದಿಲ್ಲದೆ ಫೈಲನ್ನು ಮೇಲಿನ ಪದರಕ್ಕೆ ನಕಲು ಮಾಡಿಕೊಂಡಿತ್ತು. ಹೊಸ ಹೆಸರು ಸಿಕ್ಕಿದ್ದು ನಕಲಿಗೆ, ನನ್ನ ಕತ್ತರಿ ಬಿದ್ದದ್ದೂ ನಕಲಿಗೆ. ಹಾಡಿದವರ ಫೋಲ್ಡರಿನ ಹೆಸರು ಮಾತ್ರ ಕೆಳಗಿನ ಮೂಲವನ್ನೇ ಹಿಡಿದುಕೊಂಡು ಕೂತಿತ್ತು. ಇಂಥ ಕೊಂಡಿ ಕಡಿಯದಂತೆ ಕಾಯುವ ಸೆಟ್ಟಿಂಗ್ ಅದರಲ್ಲೇ ಇದೆಯಂತೆ, ಮೊದಲೇ ಚಾಲೂ ಮಾಡಬೇಕಂತೆ. ಚಹಾ ಕುಡಿದು ಹೋದ ಪುಣ್ಯಾತ್ಮ ಮಾಡಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಯಡ್ರಾಮಿಯಲ್ಲಿ ಸಂಸ್ಥೆಯವರು ಹಾಡು ಕೇಳಿಸುವ ಕಾರ್ಯಕ್ರಮ ಇಟ್ಟರು. ಚಿಗವ್ವ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಈಚೆ ನಾನು, ಆಚೆ ಸೊಸೆ. ಒಬ್ಬೊಬ್ಬರನ್ನೇ ಹೆಸರು ಹೇಳಿ ಪರಿಚಯಿಸುವ ಉಮೇದಿನಲ್ಲಿ ಮುಖ್ಯಸ್ಥರು ಹಾಡಿದವರ ಫೋಲ್ಡರನ್ನೇ ತೆರೆದರು. ಸ್ಪೀಕರಿನಲ್ಲಿ ಚಿಗವ್ವನ ದನಿ ಬಂತು: "ನನ್ನ ಸೊಸಿ ಉಣ್ಣಾಕ ಸೈತ ಕರಿಯಂಗಿಲ್ಲ..." ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ನಾನು ಓಡಿ ನಿಲ್ಲಿಸುವಷ್ಟರಲ್ಲಿ ಮಾತು ಪೂರ್ತಿ ಮುಗಿದಿತ್ತು. ಸೊಸೆ ನೆಲ ನೋಡುತ್ತಿದ್ದಳು. ಚಿಗವ್ವ ನನ್ನನ್ನು ನೋಡುತ್ತಿದ್ದಳು. ನಾನು ಅವಳಿಗೆ ಸುಳ್ಳು ಹೇಳಿದ್ದೆನೆಂದು ಅವಳಿಗೆ ಖಾತ್ರಿಯಾಗಿತ್ತು.

ಮುಖ್ಯಸ್ಥರು ಮೈಕಿನಲ್ಲಿ ತಾಂತ್ರಿಕ ತೊಂದರೆ ಎಂದರು. ತಂತ್ರಜ್ಞರು ಫೋನಿನಲ್ಲಿ, "ಸಿಸ್ಟಮ್ ಕರೆಕ್ಟ್ ಅದರಿ, ಅದು ಹಂಗ ಕೆಲಸ ಮಾಡ್ತದ" ಎಂದರು. ಎಲ್ಲರದೂ ಕರೆಕ್ಟೇ. ಯಾರ ಮನೆಯಲ್ಲೂ ಏನೂ ಆಗಿಲ್ಲ, ಆ ಮುದುಕಿಯ ಮನೆಯೊಂದನ್ನು ಬಿಟ್ಟು. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಕೆಲವು ದಿನ ಬಿಟ್ಟು ಯಡ್ರಾಮಿಗೆ ಹೋದೆ. ಚಿಗವ್ವ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಕೆಳಗಿನ ಪದರ, ಮೇಲಿನ ಪದರ ಎಂದು ನಾನು ತಿಳಿಸಿ ಹೇಳತೊಡಗಿದೆ. ಅವಳು ತಲೆಯೆತ್ತಲಿಲ್ಲ. "ಇರ್ಲಿ ಬಿಡವ್ವ" ಎಂದಳಷ್ಟೇ.

ಊಟದ ಹೊತ್ತಾಯಿತು. ಸೊಸೆ ಬಾಗಿಲಿಗೆ ಬಂದು, ಓಣಿಯ ಎರಡೂ ಕಡೆ ನೋಡಿ, ಗಂಟಲು ಎತ್ತರಿಸಿ ಕೂಗಿದಳು: "ಅತ್ತೀ, ಉಣ್ಣಾಕ ಬರ್ರೀ! ಕರದೇನಿ ನೋಡ್ರೀ!" ಎದುರು ಮನೆಯವಳು ಕಸ ಗುಡಿಸುವುದನ್ನು ನಿಲ್ಲಿಸಿ ನೋಡಿದಳು. ದಿನಾ ಎರಡು ಹೊತ್ತೂ ಹೀಗೇ ಅಂತೆ. ಚಿಗವ್ವ ತಲೆ ತಗ್ಗಿಸಿಕೊಂಡೇ ಎದ್ದು ಒಳಗೆ ಹೋದಳು. ಸೊಸೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಹೇಳಿದಳು: "ಇದನ್ನೂ ರೆಕಾರ್ಡ್ ಮಾಡ್ಕೊಳ್ರಿ ಅಕ್ಕಾರ."