ಬಿಟ್ಟೇನ್ರಿ

ಹಾರೂಗೇರಿಯ ನಮ್ಮ ಹೊಲಿಗೆ ಟೀಚರ್ ಬೇಸಿಗೆಯಲ್ಲೂ ಮುಂಗೈವರೆಗೆ ತೋಳಿದ್ದ ಕುಪ್ಪಸವನ್ನೇ ತೊಡುತ್ತಿದ್ದರು. ಊಟದಲ್ಲಿ ಬದನೆಕಾಯಿ, ಮೊಸರು ಬಂದರೆ ತಾಟಿಗೆ ಕೈ ಅಡ್ಡ ಹಿಡಿದು, "ಬಿಟ್ಟೇನ್ರಿ" ಎನ್ನುತ್ತಿದ್ದರು. ಜೈನರಾದ ನಮಗೆ ಅದು, ಇಂಥದ್ದನ್ನು ತಿನ್ನುವುದಿಲ್ಲವೆಂದು ಮುನಿಗಳ ಮುಂದೆ ಹಿಡಿದ ನೇಮದ ಮಾತು. ಅವರು ತಿದ್ದುತ್ತಿರಲಿಲ್ಲ.

ಒಮ್ಮೆ ನಮ್ಮ ಮನೆಯ ಊಟದಲ್ಲಿ ಸೋದರತ್ತೆ ನನ್ನತ್ತ ಕೈ ಮಾಡಿ ಕೇಳಿದರು: "ಯಾವ ಮುನಿಗೋಳ ಕಡೆ ನೇಮ ತಗೊಂಡೀರಿ, ಅಕ್ಕೋರ? ಇಕಿಗೂ ಕೊಡಸ್ತೀನಿ. ಬದನಿಕಾಯಿ ಅಂದ್ರ ಜೀವಾ ಬಿಡ್ತಾಳ."

ಟೀಚರ್ ನನ್ನನ್ನು ನೋಡಿದರು. ಆಮೇಲೆ ಗುಂಡಿ ಬಿಚ್ಚಿ ತೋಳು ಮೇಲೆ ಸರಿಸಿದರು. ಮೊಳಕೈ ಕೆಂಪಾಗಿ, ಬೆಳ್ಳಗೆ ಹೊಟ್ಟು ಎದ್ದಿತ್ತು.

"ನೇಮ ಅಲ್ರಿ, ಸೋರಿಯಾಸಿಸ್ ಅಂತ ಚರ್ಮದ ಬ್ಯಾನಿ. ತಿಂದ್ರ ನನಗ ಕೆರತ ಏಳತೈತಿ. ಅಂಟೂದಿಲ್ರಿ."

"ಇದ ಕೈಲೆ ಹುಡಿಗ್ಯಾರಿಗೆ ಹೊಲಿಗಿ ಕಲಸ್ತೀರಿ?" ಎಂದು ಅತ್ತೆ ತಮ್ಮ ತಾಟು ಎಳೆದುಕೊಂಡರು.

ಮರುದಿನ ಬೆಳಿಗ್ಗೆ ಟೀಚರ್ ಅದೇ ಕುಪ್ಪಸದ ತೋಳುಗಳನ್ನು ಗಿಡ್ಡ ಮಾಡಿ ಹೊಲಿದು ತೊಟ್ಟು ಕ್ಲಾಸಿಗೆ ಬಂದರು. ಸೂಜಿಗೆ ದಾರ ಪೋಣಿಸಿ ನನ್ನ ಕಡೆ ಚಾಚಿದರು. ನಾನು ತೆಗೆದುಕೊಂಡೆ.