ಗುರುಶಾಂತಯ್ಯನ ಕಾಲು, ಕಾರಿನ ಬ್ರೇಕು

ಕಾಶಿಯ ಅಸ್ಸಿ ಘಾಟಿನ ತಿರುವಿನಲ್ಲಿ ಗುರುಶಾಂತಯ್ಯ ಬ್ರೇಕು ಒತ್ತಿದ. ನೆನೆಹಾಕಿದ ಹಿಂಡಿಯ ಮೇಲೆ ಕಾಲಿಟ್ಟಂತೆ ಪೆಡಲು ಮೆತ್ತಗೆ ಕೆಳಗಿಳಿಯಿತು. ಮತ್ತೆರಡು ಸಲ ತುಳಿದ ಮೇಲೆ ಹಳೆಯ ಅಂಬಾಸಡರ್ ನಿಂತಿತು. ಮುಂದಿದ್ದ ಇ-ರಿಕ್ಷಾಕ್ಕೂ ಬಂಪರಿಗೂ ನಡುವೆ ಒಂದು ಗೇಣು ಜಾಗವಿತ್ತು. ರಿಕ್ಷಾದಲ್ಲಿದ್ದ ತಾಯಿ ಕೂಸನ್ನು ಎದೆಗೆ ಅವಚಿಕೊಂಡಳು.

“ಕಾ ಹೋ ಚಾಚಾ, ಆಂಖ್ ಘರೇ ಛೋಡ್ ಅಯಿಲಾ ಕಾ?” ಎಂದು ರಿಕ್ಷಾದವನು ಹೊರಳಿ ಬೈದ. ಕಣ್ಣು ಮನೆಯಲ್ಲಿಟ್ಟು ಬಂದೆಯಾ ಎಂಬ ಆ ಮಾತು ಕೇಳಿ ಗುರುಶಾಂತಯ್ಯ ಗಾಡಿಯನ್ನು ಒಂದು ಮಾರು ಹಿಂದಕ್ಕೆ ತೆಗೆದ. ಹಿಂದಿನ ಸೀಟಿನಲ್ಲಿದ್ದ ಮಠದ ಮ್ಯಾನೇಜರ್ ಚಂದ್ರಮೌಳೇಶ್ವರ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡ.

ಗುರುಶಾಂತಯ್ಯನಿಗೆ ಅರವತ್ತಾರು. ಇಂಡಿ ಕಡೆಯ ಹಳ್ಳಿಯಿಂದ ಇಪ್ಪತ್ತೆರಡಕ್ಕೆ ಕಾಶಿಗೆ ಬಂದು ಮಠದ ಅಡುಗೆಮನೆ ಸೇರಿದ. ಓದಿದ್ದು ನಾಲ್ಕನೇ ಇಯತ್ತೆ. ಆಮೇಲೆ ಮಠದ ಕಾರಿಗೆ ಡ್ರೈವರಾದ. ಕಾರಿನ ವಿದ್ಯೆ ಯಾರೂ ಹೇಳಿಕೊಟ್ಟದ್ದಲ್ಲ. ಅಂಗಳದ ಹಾಸುಗಲ್ಲಿನ ಮೇಲೆ ಒಂದೊಂದೇ ಭಾಗ ಬಿಚ್ಚಿಟ್ಟು, ಯಾವುದು ಮೊದಲು ಬಂತು, ಯಾವುದು ಆಮೇಲೆ ಎಂದು ಇದ್ದಿಲಿನಿಂದ ಗೆರೆ ಎಳೆದು ಕಲಿತದ್ದು. ಅಂದಿನಿಂದ ಆ ಬಾನೆಟ್ಟಿನೊಳಗೆ ಅವನು ಹೇಳಿದ್ದೇ ಕಡೆಯ ಮಾತು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ತಾನೇ ಸೀಟಿನಲ್ಲಿ ಕೂತು ಪೆಡಲು ಒತ್ತಿ ನೋಡಿದ. “ಕಲ್ಲಿನಂಗ ಐತಲ್ರಿ ಅಯ್ಯಾರ. ಗಾಡಿ ಬರೋಬ್ಬರಿ ಐತಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮ್ಮ ಕಾಲಾಗ ಶಕ್ತಿ ಉಳದಿಲ್ಲ. ಕಂಟೋನ್ಮೆಂಟ್ ಕಡಿಂದ ಒಬ್ಬ ಡ್ರೈವರ್‌ಗ ಸೋಮವಾರ ಬಾ ಅಂದೀನಿ. ಕೀಲಿ ಆಫೀಸಿಗೆ ಕೊಡ್ರಿ.”

“ಇವತ್ತೊಂದು ದಿನ ಕೊಡ್ರಿ ಸಾಹೇಬ್ರ. ಕೆಟ್ಟದ್ದು ಕಾಲೋ ಕಾರೋ ತೋರಿಸ್ತೀನಿ.”

ಮಾತು ಗಟ್ಟಿಯಾಗಿಯೇ ಬಂತು. ಒಳಗೆ ಮಾತ್ರ ಅಂಜಿಕೆಯಿತ್ತು. ಮ್ಯಾನೇಜರ್ ಹೋದ ಮೇಲೆ ಅವನು ತನ್ನ ಬಲ ಮೊಣಕಾಲನ್ನು ಸಂತೆಯಲ್ಲಿ ಎತ್ತು ಕೊಳ್ಳುವವನಂತೆ ಒತ್ತಿ ಒತ್ತಿ ನೋಡಿಕೊಂಡ.

ಆಮೇಲೆ ಕೆಲಸಕ್ಕಿಳಿದ. ಪೆಡಲು ಒತ್ತಿ ಹಿಡಿದ. ಕಾಲ ಕೆಳಗೆ ಜಾರಲಿಲ್ಲ, ಅಂದರೆ ಎಣ್ಣೆಯನ್ನು ಪೈಪಿಗೆ ನೂಕುವ ಮಾಸ್ಟರ್ ಸಿಲಿಂಡರಿನ ರಬ್ಬರು ಚೆನ್ನಾಗಿದೆ. ನಾಲ್ಕು ಗಾಲಿಯ ಹಿಂದೆಯೂ ಬೆರಳಾಡಿಸಿದ, ಎಣ್ಣೆ ಸೋರಿಲ್ಲ. ಪೈಪಿನಲ್ಲಿ ಗಾಳಿ ಹೊಕ್ಕಿದ್ದರೆ ಬೆಳಿಗ್ಗೆಯೂ ಮೆತ್ತಗಿರಬೇಕಿತ್ತು. ಇದು ಬೆಳಿಗ್ಗೆ ಗಟ್ಟಿ. ಸಂದಣಿಯಲ್ಲಿ ನೂರು ಸಲ ತುಳಿದು ಬ್ರೇಕು ಬಿಸಿಯಾದ ಮೇಲಷ್ಟೇ ಮೆತ್ತಗೆ.

ಬಾನೆಟ್ಟು ಎತ್ತಿ ಬ್ರೇಕ್ ಎಣ್ಣೆಯ ಡಬ್ಬಿಗೆ ಮುಖ ತಂದು ನೋಡಿದ. ಎಣ್ಣೆ ಗೆರೆಗಿಂತ ಮೇಲಿತ್ತು. ಶ್ರಾವಣದಲ್ಲಿ ಅವನೇ ಗೆರೆಗೆ ಸರಿಯಾಗಿ ತುಂಬಿದ್ದ. ಬ್ರೇಕಿನ ಎಣ್ಣೆ ಇಳಿದದ್ದು ಉಂಟು, ತಾನಾಗಿ ಏರಿದ್ದನ್ನು ಅವನು ಕಂಡಿರಲಿಲ್ಲ.

ಹೆಂಡತಿ ಸಂಗಮ್ಮನ ಇದ್ದಿಲೊಲೆಯ ಮೇಲೆ ಎರಡು ಚಮಚ ಹಿಡಿದ. ಒಂದರಲ್ಲಿ ಹೊಸ ಎಣ್ಣೆ, ಒಂದರಲ್ಲಿ ಡಬ್ಬಿಯದು. ಹೊಸದು ಅಲ್ಲಾಡದೆ ಕೂತಿತ್ತು. ಡಬ್ಬಿಯದು ಆಗಲೇ ಗುಳುಗುಳು ಕುದಿಯತೊಡಗಿತು.

“ನೀರು ಕೂಡೇತಿ. ಕಾದಾಗ ಪೈಪಿನ್ಯಾಗ ಆವಿ ಆಗತೈತಿ. ಆವಿ ಮ್ಯಾಲ ಕಾಲಿಟ್ರ ಮೆತ್ತಗಽ” ಎಂದ. ಮೊಣಕಾಲಿನ ಮೇಲಿನ ಭಾರ ಇಳಿದಂತಾಯಿತು. “ಯಾವ ಹುಚ್ಚ ಹಾಕ್ಯಾನ ಇದರಾಗ ನೀರು?”

ಸಂಗಮ್ಮ ಚಮಚಗಳನ್ನು ಇಕ್ಕಳದಿಂದ ಎತ್ತಿ ಬದಿಗಿಟ್ಟಳು. “ಆಯುಧ ಪೂಜಿ ದಿನ ತಂಬಿಗಿ ಹಿಡಕೊಂಡು ನಾನಽ ನಿಂತಿದ್ನೆಲ್ರಿ.”

ಪ್ರತಿವರ್ಷ ಆ ದಿನ ಗುರುಶಾಂತಯ್ಯ ಕಾರಿಗೂ ಗಂಗಾತೀರ್ಥ ಕೊಡುತ್ತಿದ್ದ. ರೇಡಿಯೇಟರಿಗೆ ಒಂದು ಬೊಗಸೆ, ಉಳಿದದ್ದು ಗಾಜು ತೊಳೆಯುವ ನೀರಿನ ಡಬ್ಬಿಗೆ. ಬಾನೆಟ್ಟಿನ ನೆರಳಿನಲ್ಲಿ ಆ ಡಬ್ಬಿಯೂ ಬಿಳಿ, ಬ್ರೇಕಿನ ಸಣ್ಣ ಡಬ್ಬಿಯೂ ಬಿಳಿ. ಎಡಗಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ.

“ಈ ಸಲ ಸಣ್ಣ ಡಬ್ಬಿ ಮುಚ್ಚಳ ತಗದ್ರಿ” ಎಂದಳು ಸಂಗಮ್ಮ. “ಹಿಂದಕ ಹಿಂಗ ಮಾಡಿದ್ದು ನಾ ನೋಡಿರಲಿಲ್ಲ.”

“ಆಗಽ ಯಾಕ ಹೇಳಲಿಲ್ಲ?”

“ನಿಮಗ ಹೇಳೋರ್ಯಾರ್ರಿ?”

ಗುರುಶಾಂತಯ್ಯ ಎರಡೂ ಚಮಚ ಒರೆಸಿಟ್ಟ. ಆಮೇಲೆ ಹೊಸ ಎಣ್ಣೆಯ ಬಾಟಲಿಗಳನ್ನು ತಂದು ಹೆಂಡತಿಯನ್ನು ಸ್ಟೀರಿಂಗಿನ ಮುಂದೆ ಕೂರಿಸಿದ.

“ನಲವತ್ತು ವರ್ಷದಾಗ ಒಮ್ಮೆನೂ ಮುಂದ ಕುಂದರ್ಸಲಿಲ್ಲ. ಈಗ ಬ್ರೇಕ್ ತುಳಿಯಾಕ ಕರದ್ರೇನು?”

“ತುಳಿ ಅಂದಾಗ ತುಳಿ, ಹಿಡಿ ಅಂದಾಗ ಹಿಡಿ. ಬಾಯಿ ನಡುವ ತರಬ್ಯಾಡ.”

ಎಲ್ಲಕ್ಕಿಂತ ದೂರದ ಹಿಂದಿನ ಗಾಲಿಯಿಂದ ಹಿಡಿದು ಒಂದೊಂದಾಗಿ, ಹಳೆಯ ಎಣ್ಣೆ ಪೂರಾ ಹೊರಬಿದ್ದು ಹೊಸದು ತಿಳಿಯಾಗಿ ಇಳಿಯುವವರೆಗೆ ಇಬ್ಬರೂ ದುಡಿದರು.

ಸಂಜೆ ಮ್ಯಾನೇಜರನಿಗೆ ಎಣ್ಣೆಯಲ್ಲಿ ನೀರು ಕೂಡಿದ್ದನ್ನು ಹೇಳಿ, ಅವನನ್ನು ಕೂರಿಸಿಕೊಂಡು ಕಂಟೋನ್ಮೆಂಟಿಗೆ ಹೋಗಿ, ಸಂದಣಿಯಲ್ಲೇ ತೆವಳಿಕೊಂಡು ಮರಳಿದ. ಬ್ರೇಕು ಕಾದು ವಾಸನೆ ಬಂದರೂ ಪೆಡಲು ಗಟ್ಟಿಯಾಗಿಯೇ ಉಳಿಯಿತು.

ಮಠದ ಬಾಗಿಲಲ್ಲಿ ಚಂದ್ರಮೌಳೇಶ್ವರ ಕೈಮುಗಿದ. “ನಂದಽ ತಪ್ಪಾತ್ರಿ ಅಯ್ಯಾರ. ಕಾರಿಂದಽ ದೋಷ. ಕೀಲಿ ನಿಮ್ಮ ಹಂತ್ಯಾಕಽ ಇರಲಿ.”

ಅಲ್ಲಿಗೆ ಮುಗಿಸಬಹುದಿತ್ತು. ನೀರು ಹೇಗೆ ಬಂತೆಂದು ಮ್ಯಾನೇಜರ್ ಕೇಳಿರಲಿಲ್ಲ. ಸಂಗಮ್ಮ ಹೇಳುವವಳಲ್ಲ. ಗುರುಶಾಂತಯ್ಯನ ಕಣ್ಣ ಮುಂದೆ ಆ ಒಂದು ಗೇಣು ಜಾಗ ಬಂತು, ಅದರಾಚೆ ಎದೆಗವಚಿದ ಕೂಸು.

“ಕಾಲು ಗಟ್ಟಿ ಐತ್ರಿ ಸಾಹೇಬ್ರ. ಕಣ್ಣು ಗಟ್ಟಿ ಇಲ್ಲ, ಎಡಗಣ್ಣಿಗೆ ಪೊರಿ ಬಂದೈತಿ. ಆ ನೀರು ನಾನಽ ಹಾಕೀನಿ.” ಕೀಲಿಯನ್ನು ಮ್ಯಾನೇಜರನ ಅಂಗೈಯಲ್ಲಿಟ್ಟ.

“ಪೊರಿ ತಗಸೂಣ್ರಿ. ಆಮ್ಯಾಲ ನೀವಽ ಹೊಡೀರಿ.”

“ಆಮ್ಯಾಲಿಂದು ಆಮ್ಯಾಲ ನೋಡೂಣು. ಅಲ್ಲೀತನಕ ಆಫೀಸಿನ್ಯಾಗಽ ಇರಲಿ.”

ಸೋಮವಾರ ಹೊಸ ಡ್ರೈವರ್ ಬರುವ ಮೊದಲು ಗುರುಶಾಂತಯ್ಯ ಗುರುತಿಗೆಂದು ಕೆಂಪು ದಾರ ಹಿಡಿದು ಬಾನೆಟ್ಟು ಎತ್ತಿದ, ಸಂಗಮ್ಮನನ್ನು ಪಕ್ಕಕ್ಕೆ ಕರೆದ. ಒಂದು ಬಿಳಿ ಡಬ್ಬಿಯ ಕುತ್ತಿಗೆಗೆ ದಾರ ತಂದು ತಡೆದು ನಿಂತ.

“ಬ್ರೇಕಿಂದು ಇದಽ ಹೌದಲ್ಲ, ನೋಡು” ಎಂದು ಕೇಳಿದ.

ಅವಳು ಬಾಗಿ ನೋಡಿ ಹೌದೆಂದ ಮೇಲೆ ಗಂಟು ಹಾಕಿದ.